ನೂರು ಡಾಲರ್‌ನಲ್ಲಿ ಒಂದು ಹಳೇ ಎರ್ಹು: ಬೋ, ತಂತಿ, ರೋಸಿನ್ ಆರಿಸಿದ ಪ್ರಕರಣ

ವಾದ್ಯ: ಸೆಕೆಂಡ್ ಹ್ಯಾಂಡ್ ಎರ್ಹು, ಅಂದರೆ ಚೀನಾದ ಎರಡು ತಂತಿಯ ಪಿಟೀಲು. ಊರು ಸಿಂಗಪುರ. ನುಡಿಸುವವಳು ನನ್ನ ಅಣ್ಣನ ಮಗಳು. ಇಲ್ಲಿನ ಶಾಲೆಗಳಲ್ಲಿ ಪಾಠದ ಜೊತೆಗೆ ಸಿಸಿಎ ಅಂತ ಒಂದು ಚಟುವಟಿಕೆ ಆರಿಸಿಕೊಳ್ಳಬೇಕು, ಅವಳು ಚೀನೀ ವಾದ್ಯವೃಂದಕ್ಕೆ ಸೇರಿದಳು. ಶಾಲೆಯಲ್ಲಿ ನುಡಿಸಲು ಶಾಲೆಯದೇ ವಾದ್ಯ ಇದೆ. ಮನೆಯಲ್ಲಿ ಅಭ್ಯಾಸಕ್ಕೆ ಅಂತ ಅಣ್ಣ ಯಾರಿಂದಲೋ ಹಳೆಯದೊಂದನ್ನು ಕೊಂಡ. ಅದು ಕಿರುಚುತ್ತಿತ್ತು. ಹೊರಗಿನ ತಂತಿ ಕೀಚ್ ಅನ್ನುವುದು, ಒಳಗಿನ ತಂತಿ ಬೋಗೆ, ಅಂದರೆ ನುಡಿಸುವ ಕಮಾನಿಗೆ, ಸಿಕ್ಕುವುದೇ ಇಲ್ಲ, ಸಿಕ್ಕರೂ ಗರಗರ. ನಾನು ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಪಿಟೀಲು ಕಲಿತಿದ್ದೆ ಅನ್ನುವ ಒಂದೇ ಕಾರಣಕ್ಕೆ ಕೆಲಸ ನನ್ನ ಮೇಲೆ ಬಿತ್ತು. "ತಂತಿ, ಬೋ, ಅದೇನೋ ರೋಸಿನ್, ಎಲ್ಲಾ ಸೇರಿ ನೂರು ಡಾಲರ್ ದಾಟಬಾರದು, ನೀನೇ ನೋಡ್ಕೊಳಪ್ಪ" ಅಂದ ಅಣ್ಣ. ರೋಸಿನ್ ಅಂದರೆ ಬೋ ಕೂದಲು ತಂತಿಯನ್ನು ಹಿಡಿಯಲಿ ಅಂತ ಹಚ್ಚುವ ರಾಳದ ಬಿಲ್ಲೆ. ನೂರು ಸಿಂಗಪುರ ಡಾಲರ್ ಅಂದರೆ ಇಲ್ಲಿ ದೊಡ್ಡ ಮೊತ್ತವೇನಲ್ಲ. ಆದರೆ ಸರಿಯಾಗಿ ಹಂಚಿದರೆ ಸಾಕಾಗುತ್ತದೆ.

ಎರ್ಹು ನೋಡದವರಿಗೆ ಅದರ ರಚನೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಲೆಕ್ಕ ಅರ್ಥವಾಗುವುದಿಲ್ಲ. ಉದ್ದನೆಯ ಮರದ ದಂಡ. ಬುಡದಲ್ಲಿ ಆರು ಅಥವಾ ಎಂಟು ಮೂಲೆಯ ಪುಟ್ಟ ಪೆಟ್ಟಿಗೆ, ಅದರ ಮುಖಕ್ಕೆ ಬಿಗಿದ ಹೆಬ್ಬಾವಿನ ಚರ್ಮ. ಚರ್ಮದ ಮೇಲೆ, ತಂತಿಗಳನ್ನು ಎತ್ತಿ ಹಿಡಿಯುವ ಚಿಕ್ಕದೊಂದು ಬ್ರಿಡ್ಜ್. ಒಳಗಿನ ತಂತಿ ದಪ್ಪ, ಡಿ ಸ್ವರಕ್ಕೆ. ಹೊರಗಿನದು ತೆಳು, ಎ ಸ್ವರಕ್ಕೆ. ನಮ್ಮ ಲೆಕ್ಕದಲ್ಲಿ ಸ ಮತ್ತು ಪ. ತಂತಿಯ ಹಿಂದೆ ಬೆರಳು ತಾಗಲು ಪಟ್ಟಿ ಇಲ್ಲ, ಬೆರಳು ಬರೀ ತಂತಿಯನ್ನೇ ಒತ್ತಬೇಕು. ಇನ್ನು ಬೋ. ಪಿಟೀಲಿನ ಬೋ ತಂತಿಯ ಮೇಲೆ ಬಂದು ಕೂರುತ್ತದೆ, ಎದ್ದು ಹೋಗುತ್ತದೆ. ಎರ್ಹುವಿನ ಬೋ ಹಾಗಲ್ಲ, ಅದರ ಕೂದಲು ಎರಡು ತಂತಿಗಳ ನಡುವೆ ಸಿಕ್ಕಿಕೊಂಡೇ ಇರುತ್ತದೆ. ಹೊರಗೆ ತಳ್ಳಿದರೆ ಹೊರತಂತಿ ನುಡಿಯುತ್ತದೆ. ಬಲಗೈಯ ನಡುಬೆರಳು, ಉಂಗುರ ಬೆರಳಿಂದ ಕೂದಲನ್ನು ಮೈಕಡೆಗೆ ಒತ್ತಿದರೆ ಒಳತಂತಿ. ಅಂದರೆ ಕೂದಲಿನ ಒಂದು ಮುಖ ಒಂದು ತಂತಿಗೆ, ಇನ್ನೊಂದು ಮುಖ ಇನ್ನೊಂದಕ್ಕೆ. ಇದನ್ನು ನೆನಪಿಟ್ಟುಕೊಳ್ಳಿ, ರೋಸಿನ್ ವಿಷಯಕ್ಕೆ ಬೇಕಾಗುತ್ತದೆ.

ಎಲ್ಲರೂ ಮೊದಲು ಹೇಳುವುದು ತಂತಿ ಬದಲಿಸಿ ಅಂತ. ಅಂಗಡಿಯವರೂ ಅದನ್ನೇ ಹೇಳುತ್ತಾರೆ, ತಂತಿ ಮಾರುವುದು ಸುಲಭ ಅಲ್ವಾ. ನನಗೆ ಮಾತ್ರ ಏನನ್ನೂ ಕೊಳ್ಳುವ ಮೊದಲು ತಪ್ಪು ಯಾವುದರದ್ದು ಅಂತ ತಿಳಿಯಬೇಕಿತ್ತು. ಅದಕ್ಕೆ ದುಡ್ಡು ಬೇಕಿಲ್ಲ, ಒಂದು ಬೋ ಎರವಲು ಸಿಕ್ಕರೆ ಸಾಕು. ಅವಳ ಸೀನಿಯರ್ ಹುಡುಗಿಯೊಬ್ಬಳು ತನ್ನ ಬೋ ಕೊಟ್ಟಳು. ವಾದ್ಯ ಅದೇ, ತಂತಿ ಅದೇ ತುಕ್ಕು ಹಿಡಿದದ್ದೇ, ನುಡಿಸುವ ಕೈಯೂ ಅದೇ. ಬೋ ಒಂದೇ ಬೇರೆ. ಗರಗರ ಮುಕ್ಕಾಲು ಪಾಲು ಹೋಯಿತು! ಒಳತಂತಿ ಮೊದಲ ಎಳೆತಕ್ಕೇ ಹಿಡಿಯಿತು. ಕೀಚ್ ಅನ್ನುವುದು ಸ್ವಲ್ಪ ಉಳಿಯಿತು. ಆಮೇಲೆ ಹಳೇ ಬೋಗೆ ನನ್ನ ಪಿಟೀಲಿನ ರೋಸಿನ್ ಹಚ್ಚಿ ನೋಡಿದೆವು, ಹೆಚ್ಚೇನೂ ಬದಲಾಗಲಿಲ್ಲ. ಈ ಎರಡು ಪರೀಕ್ಷೆಯಿಂದಲೇ ದುಡ್ಡು ಯಾವ ಅನುಪಾತದಲ್ಲಿ ಹೋಗಬೇಕು ಅಂತ ತೀರ್ಮಾನ ಆಯಿತು: ಅರ್ಧ ಬೋಗೆ, ಉಳಿದದ್ದರಲ್ಲಿ ಜಾಸ್ತಿ ಪಾಲು ತಂತಿಗೆ, ರೋಸಿನ್‌ಗೆ ಚಿಲ್ಲರೆ. ಅಗ್ಗದ ಎರ್ಹು ಇಟ್ಟುಕೊಂಡವರು ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ದುಬಾರಿ ತಂತಿ ಹಾಕಿ, ವಾದ್ಯದ ಜೊತೆ ಪುಕ್ಕಟೆ ಬಂದ ಬೋನಲ್ಲೇ ಎಳೆಯುತ್ತಾರೆ.

ಹಳೇ ಬೋನಲ್ಲಿ ಏನು ಕೆಟ್ಟಿತ್ತು ಅಂತ ಬಿಚ್ಚಿ ನೋಡಿದರೆ ತಪ್ಪು ಒಂದಲ್ಲ. ಬಿದಿರಿನ ಕಡ್ಡಿ ಪಕ್ಕಕ್ಕೆ ಸೊಟ್ಟಗಾಗಿತ್ತು. ತುದಿಯಿಂದ ಒಂದೇ ಕಣ್ಣಲ್ಲಿ, ಬಡಗಿ ಹಲಗೆ ನೋಡುವಂತೆ ನೋಡಿದರೆ ಬಾಗು ಕಾಣುತ್ತದೆ. ಮೇಲೆ ಕೆಳಗೆ ಬಾಗಿದ್ದರೆ ತಪ್ಪಲ್ಲ, ಬಿದಿರಿಗೆ ಬಿಸಿ ಕೊಟ್ಟು ಬೇಕಂತಲೇ ಹಾಗೆ ಬಾಗಿಸಿರುತ್ತಾರೆ. ಪಕ್ಕಕ್ಕೆ ಬಾಗಿದ್ದರೆ ಮಾತ್ರ ಒಳತಂತಿ ನುಡಿಸುವಾಗ ಕೂದಲು ಹೊರತಂತಿಗೂ ತಾಗುತ್ತದೆ. ಇವಳಿಗೆ ಆಗುತ್ತಿದ್ದದ್ದು ಅದೇ. ಕೂದಲಿನ ಒಂದು ಅಂಚು ಉದುರಿ ಪಟ್ಟಿ ಕಿರಿದಾಗಿತ್ತು. ಉಳಿದ ಕೂದಲಲ್ಲಿ ಒಂದನ್ನು ಕಿತ್ತು ಬೆಂಕಿಕಡ್ಡಿಗೆ ಹಿಡಿದೆ. ಕುದುರೆ ಬಾಲದ ಕೂದಲಾಗಿದ್ದರೆ ನಮ್ಮ ತಲೆಗೂದಲು ಸುಟ್ಟ ವಾಸನೆ ಬಂದು ಪುಡಿಯಾಗಬೇಕು. ಇದು ಕರಗಿ ಗುಂಡಗಾಯಿತು. ನೈಲಾನ್! ಅದರ ಮೈ ನುಣುಪು, ರೋಸಿನ್ ನಿಲ್ಲುವುದಿಲ್ಲ, ಎಷ್ಟು ಹಚ್ಚಿದರೂ ಉದುರಿ ಪೆಟ್ಟಿಗೆಯ ಮೇಲೆ ಬಿಳಿ ಧೂಳಾಗಿ ಕೂರುತ್ತದೆ.

ಕೂದಲು ಮಾತ್ರ ಹೊಸದಾಗಿ ಕಟ್ಟಿಸಬಹುದಿತ್ತು, ಆದರೆ ಸೊಟ್ಟ ಕಡ್ಡಿಗೆ ಒಳ್ಳೇ ಕೂದಲು ಕಟ್ಟಿಸಿ ಏನು ಉಪಯೋಗ? ಹೊಸ ಬೋ ಕೊಳ್ಳೋಣ ಅಂದುಕೊಂಡು ಬ್ರಾಸ್ ಬಸಾ ಕಾಂಪ್ಲೆಕ್ಸ್ ಕಡೆ ಹೋದೆವು. ಪುಸ್ತಕ, ಚಿತ್ರಕಲೆ, ಸಂಗೀತದ ಅಂಗಡಿಗಳಿಗೆ ಆ ಕಟ್ಟಡ ಹೆಸರುವಾಸಿ. ಆನ್‌ಲೈನಿನಲ್ಲಿ ಚೀನಾದಿಂದ ನೇರ ತರಿಸಿದರೆ ಇನ್ನೂ ಅಗ್ಗ. ತಂತಿ, ರೋಸಿನ್ ಹಾಗೆ ತರಿಸಬಹುದು. ಬೋ ಮಾತ್ರ ಕೈಯಲ್ಲಿ ಹಿಡಿಯದೆ ಕೊಳ್ಳಬಾರದು ಅನ್ನುವುದು ನನ್ನ ಹಠ. ಒಂದೇ ಬೆಲೆಯ, ಒಂದೇ ಹೆಸರಿನ ಬೋಗಳಲ್ಲೂ ಕಡ್ಡಿಗೆ ಕಡ್ಡಿಗೆ ವ್ಯತ್ಯಾಸ ಇರುತ್ತದೆ, ಅದು ಬಿದಿರು, ಅಚ್ಚಿನಲ್ಲಿ ಹೊಯ್ದದ್ದಲ್ಲ.

ಅಂಗಡಿಯಲ್ಲಿ ಮೂರು ದರ್ಜೆ ಇದ್ದವು. ಹದಿನೈದು ಡಾಲರ್ ಆಸುಪಾಸಿನವು, ನಲವತ್ತರಿಂದ ಅರವತ್ತರವು, ನೂರು ದಾಟಿದವು. ಕೆಳಗಿನ ದರ್ಜೆಯಲ್ಲಿ ಕೂದಲು ಕಡಿಮೆ, ಕಡ್ಡಿ ಹಗುರ, ತುದಿಯಲ್ಲಿ ಕೂದಲು ಕಟ್ಟಿದ ರೀತಿಯೂ ಸಡಿಲ. ನೂರು ದಾಟಿದವುಗಳಲ್ಲಿ ಜಾಸ್ತಿ ದುಡ್ಡು ಹೋಗುವುದು ಬಿದಿರಿನ ಜಾತಿಗೆ, ಅದರ ಮೇಲಿನ ಚುಕ್ಕೆಗಳ ಅಂದಕ್ಕೆ. ಚುಕ್ಕೆ ಬಿದಿರು ಕಣ್ಣಿಗೆ ಹಬ್ಬ, ನಿಜ. ಆದರೆ ಹತ್ತನೇ ಕ್ಲಾಸಿನ ಹುಡುಗಿಯ ಒಳತಂತಿಗೆ ಚುಕ್ಕೆಯಿಂದ ಏನೂ ಆಗಬೇಕಿಲ್ಲ. ನಾವು ನಡುವಿನ ದರ್ಜೆಯ ನಾಲ್ಕೈದು ಬೋ ಮುಂದಿಟ್ಟುಕೊಂಡು ಕೂತೆವು. ಪಕ್ಕದ ಬಾಗು ಇರಬಾರದು. ಕೂದಲು ತುದಿಯಿಂದ ಬುಡದವರೆಗೆ ಒಂದೇ ಅಗಲದ ಪಟ್ಟಿಯಾಗಿ, ಒಂದರ ಮೇಲೊಂದು ಹೊಸೆದುಕೊಳ್ಳದೆ ಇರಬೇಕು. ಬುಡದ ತಿರುಪು ತಿರುಗಿಸಿದರೆ ಕೂದಲು ಒಂದೇ ಸಮನೆ ಬಿಗಿಯಬೇಕು, ಒಂದು ಅಂಚು ಬಿಗಿ ಇನ್ನೊಂದು ಜೋತು ಅಂತ ಆದರೆ ಅದನ್ನು ವಾಪಸ್ ಇಡಿ. ಕಡ್ಡಿಯನ್ನು ಮೆಲ್ಲಗೆ ಬಗ್ಗಿಸಿ ಬಿಟ್ಟರೆ ತಕ್ಷಣ ಸೆಟೆದು ನಿಲ್ಲಬೇಕು. ಗೆಣ್ಣುಗಳು ಕೈಗೆ ಏಳದಂತೆ ಸಪಾಟಾಗಿ ಉಜ್ಜಿರಬೇಕು.

ಉದ್ದದ ವಿಷಯದಲ್ಲಿ ಅಂಗಡಿಯವರ ಜೊತೆ ಸ್ವಲ್ಪ ವಾದ ನಡೆಯಿತು. ದೊಡ್ಡವರ ಬೋ ಸುಮಾರು 80 ಸೆಂ.ಮೀ. ಮೇಲಿರುತ್ತದೆ. ಅವಳ ಕೈ ಗಿಡ್ಡ, ತುದಿಯವರೆಗೆ ಎಳೆದರೆ ಭುಜ ತಿರುಗುತ್ತದೆ. ಅವರು ಗಿಡ್ಡ ಬೋ ತೋರಿಸಿದರು. ನಾನು ಬೇಡ ಅಂದೆ. ಶಾಲೆಯಲ್ಲಿ ಹಿಡಿಯುವುದು ಉದ್ದದ ಬೋ, ಮನೆಯಲ್ಲಿ ಗಿಡ್ಡದ್ದು ಅಂದರೆ ಕೈಗೆ ಎರಡು ಲೆಕ್ಕ ಆಗುತ್ತದೆ, ಅವಳು ಇನ್ನೂ ಬೆಳೆಯುತ್ತಾಳೆ ಬೇರೆ. ಕೊನೆಗೆ ಕೊಂಡದ್ದು ನಲವತ್ತೈದು ಡಾಲರಿನ, ಬಿಳಿ ಕುದುರೆ ಕೂದಲಿನ, ಯಾವ ಅಲಂಕಾರವೂ ಇಲ್ಲದ ಒಂದು ಬೋ.

ಹೊಸ ಬೋ ಸಿಕ್ಕಿಸುವುದು ಪಿಟೀಲಿನವರಿಗೆ ಹೊಸ ಅನುಭವ. ತಂತಿ ಬಿಚ್ಚದೆ ಕೂದಲು ನಡುವೆ ಹೋಗುವುದಿಲ್ಲ. ಎರಡೂ ತಂತಿ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಉರುಳಿ ಬೀಳುತ್ತದೆ. ಅದಕ್ಕೆ ಹೊರತಂತಿಯನ್ನು ಮಾತ್ರ ಸಡಿಲಿಸಿ, ಬುಡದ ಕೊಕ್ಕೆಯಿಂದ ತೆಗೆದು, ಕೂದಲನ್ನು ಒಳಗೆ ತಂದು, ಮತ್ತೆ ತಂತಿ ಸಿಕ್ಕಿಸಿದೆವು. ಹೇಗೂ ತಂತಿ ಬದಲಿಸುವುದಿತ್ತಲ್ಲ, ಎರಡೂ ಕೆಲಸ ಒಂದೇ ಸಲ ಮುಗಿಯಿತು. ಕೂದಲನ್ನು ಪಿಟೀಲಿನಷ್ಟು ಬಿಗಿ ಮಾಡಬಾರದು. ಒಳತಂತಿಗೆ ಬೆರಳಿಂದಲೇ ಬಿಗಿ ಕೊಡಬೇಕಾದ್ದರಿಂದ ಸ್ವಲ್ಪ ಜೋಲು ಇರಲೇಬೇಕು. ನಾನು ಅಭ್ಯಾಸಬಲದಿಂದ ತಿರುಪಿಗೆ ಕೈ ಹಾಕಿದಾಗ "ಚಿಕ್ಕಪ್ಪಾ, ಇದು ನಿಮ್ಮ ವಯಲಿನ್ ಅಲ್ಲ" ಅಂತ ಅವಳೇ ತಡೆದಳು.

ಇನ್ನು ತಂತಿ. ಮೊದಲು, ತಂತಿ ನಿಜವಾಗಿ ಕೆಟ್ಟಿದೆಯೇ ಅಂತ ತಿಳಿಯಲು ಒಂದು ಸುಲಭದ ಉಪಾಯ ಇದೆ. ಬೆರಳಿಡದ ತಂತಿಗಳನ್ನು ಸ, ಪ ಸ್ವರಗಳಿಗೆ ಸರಿಯಾಗಿ ಶ್ರುತಿ ಮಾಡಿ. ಆಮೇಲೆ ಒಂದೇ ಬೆರಳನ್ನು ಎರಡೂ ತಂತಿಗೆ ಅಡ್ಡಡ್ಡ ಇಟ್ಟು, ಒಂದಾದ ಮೇಲೆ ಒಂದನ್ನು ನುಡಿಸಿ. ಅಲ್ಲೂ ಅದೇ ಅಂತರ ಬರಬೇಕು. ಮೇಲೆ ಹೋದ ಹಾಗೆ ಅಂತರ ಕೆಡುತ್ತಾ ಹೋದರೆ, ಬೆರಳು ನೇರ ಇದೆ ಅಂತ ಖಾತ್ರಿಯಾದ ಮೇಲೆ, ಒಂದು ತಂತಿಯ ದಪ್ಪ ಏರುಪೇರಾಗಿದೆ ಅಂತ ಅರ್ಥ. ಇಲ್ಲಿ ಹೊರತಂತಿ ಕೆಟ್ಟಿತ್ತು. ಅದರ ಮೇಲೆ ಬೆವರಿನ ತುಕ್ಕು ಕಣ್ಣಿಗೇ ಕಾಣುತ್ತಿತ್ತು, ಸಿಂಗಪುರದ ಸೆಕೆಗೆ ಅದು ಮಾಮೂಲು. ಒಳತಂತಿಗೆ ಉಕ್ಕಿನ ಎಳೆಯ ಮೇಲೆ ತೆಳು ಲೋಹದ ಸುತ್ತು ಇರುತ್ತದೆ. ಅದೂ ಬೆರಳು ಬೀಳುವ ಕಡೆ ಸವೆದು ಬಿಟ್ಟುಕೊಂಡಿತ್ತು.

ಪಿಟೀಲಿನ ತಂತಿಯನ್ನೇ ಹಾಕಿದರೆ ಆಗದೇ? ಪಾಶ್ಚಾತ್ಯ ಶ್ರುತಿಯ ಪಿಟೀಲಿನ ನಡುವಿನ ಎರಡು ತಂತಿಗಳೂ ಇದೇ ಡಿ, ಇದೇ ಎ ಅಲ್ವಾ? ಈ ಪ್ರಶ್ನೆ ಅಣ್ಣನೂ ಕೇಳಿದ, ನನ್ನ ಹತ್ತಿರ ಒಂದು ಹೊಸ ಸೆಟ್ ಸುಮ್ನೆ ಬಿದ್ದಿತ್ತು ಅಂತ. ಆಗುವುದಿಲ್ಲ. ಮೊದಲನೆಯದಾಗಿ ಎರ್ಹುವಿನ ಬುಡದಿಂದ ಮೇಲಿನ ಬಿರಡೆಯವರೆಗೆ ಅದರ ಉದ್ದ ಸಾಲುವುದಿಲ್ಲ. ಸಾಲುತ್ತಿದ್ದರೂ ಬಿಗಿಯ ಲೆಕ್ಕ ತಪ್ಪುತ್ತದೆ. ಪಿಟೀಲಿನಲ್ಲಿ ನುಡಿಯುವ ಭಾಗ ಸುಮಾರು 33 ಸೆಂ.ಮೀ., ಎರ್ಹುವಿನಲ್ಲಿ ಸುಮಾರು 39. ಅದೇ ತಂತಿಯನ್ನು ಅದೇ ಸ್ವರಕ್ಕೆ ತರಲು ಬೇಕಾದ ಬಿಗಿ ಉದ್ದದ ವರ್ಗದಷ್ಟು ಏರುತ್ತದೆ, ಅಂದರೆ ಸುಮಾರು 1.4 ಪಟ್ಟು. ಪಿಟೀಲಿನಲ್ಲಿ ಆ ಭಾರ ಹೊರಲು ಮರದ ಹಲಗೆ ಇದೆ. ಇಲ್ಲಿರುವುದು ಹಾವಿನ ಚರ್ಮ.

ಅಗ್ಗದ ಎರ್ಹುಗೆ ತಂತಿ ಆರಿಸುವಾಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದೂ ಈ ಚರ್ಮವೇ. ಬಿಗಿ ಜಾಸ್ತಿ ಬೇಡುವ ತಂತಿ ಗಟ್ಟಿ ಚರ್ಮದ ಮೇಲೆ ಜೋರಾಗಿ, ಸ್ಪಷ್ಟವಾಗಿ ನುಡಿಯುತ್ತದೆ. ಸಭಾಂಗಣದಲ್ಲಿ ಸೋಲೋ ನುಡಿಸುವವರಿಗೆ ಅದು ಬೇಕು. ತೆಳು, ಹಳೇ ಚರ್ಮಕ್ಕೆ ಅದನ್ನೇ ಹಾಕಿದರೆ ಬ್ರಿಡ್ಜಿನ ಕೆಳಗೆ ಚರ್ಮ ಒಳಕ್ಕೆ ಕುಸಿಯುತ್ತಾ ಬರುತ್ತದೆ. ಇಲ್ಲಿನ ತೇವದ ಹವೆಗೆ ಚರ್ಮ ಮೊದಲೇ ಸಡಿಲ, ಕುಸಿದ ಮೇಲೆ ಯಾವ ತಂತಿಯಿಂದಲೂ ಅದನ್ನು ಎತ್ತಲಾಗುವುದಿಲ್ಲ. ಇನ್ನು ಬೆರಳು. ಹಿಂದೆ ಪಟ್ಟಿ ಇಲ್ಲದ್ದರಿಂದ ತಂತಿಯ ಬಿಗಿಯಷ್ಟೂ ಬೆರಳ ತುದಿಗೇ ಸಿಗುತ್ತದೆ. ಹಾಗಾಗಿ ನಡುಮಟ್ಟದ ಅಥವಾ ಮೆದು ಬಿಗಿಯ ಸೆಟ್ ಮಾತ್ರ ನೋಡೋಣ ಅಂತ ಮೊದಲೇ ಗೆರೆ ಎಳೆದೆ.

ಬ್ರ್ಯಾಂಡ್ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಶಾಂಘೈನ ದುನ್‌ಹುವಾಂಗ್, ಆಮೇಲೆ ಫಾಂಗ್‌ಫಾಂಗ್, ಇವೆರಡೂ ಎಲ್ಲ ಕಡೆ ಸಿಗುವ ಹೆಸರುಗಳು. ಲಾವೋಶಿ, ಅಂದರೆ ಅವಳ ಮೇಷ್ಟ್ರು, ತಮ್ಮ ಗುಂಪಿನ ಮಕ್ಕಳೆಲ್ಲ ಹಾಕುವ ಸೆಟ್ಟಿನ ಹೆಸರು ಬರೆದು ಕಳಿಸಿದರು. ಅದೇ ಕೊಂಡೆವು. ಹದಿನೆಂಟು ಡಾಲರ್. ಎಲ್ಲರ ತಂತಿ ಒಂದೇ ಆದರೆ ಸಾಲಿನ ದನಿ ಬೆರೆಯುತ್ತದೆ, ಬೆರಳಿಗೂ ಶಾಲೆಯಲ್ಲಿ ಮನೆಯಲ್ಲಿ ಒಂದೇ ಬಿಗಿ. ಜೊತೆಗೆ ಹೊರತಂತಿ ಒಂದನ್ನು ಬಿಡಿಯಾಗಿ ಕೊಂಡೆವು, ಐದಾರು ಡಾಲರ್. ತುಕ್ಕು ಹಿಡಿಯುವುದು, ತುಂಡಾಗುವುದು ಎಲ್ಲ ಮೊದಲು ಅದಕ್ಕೇ. ಒಂದು ಕಂಪನಿಯ ಒಳತಂತಿ, ಇನ್ನೊಂದರ ಹೊರತಂತಿ ಅಂತ ಬೆರೆಸುವವರಿದ್ದಾರೆ. ಕಲಿತವರಿಗೆ ಅದು ಸರಿ, ಮಕ್ಕಳಿಗೆ ಬೇಡ. ಎರಡರ ಬಿಗಿ ಬೇರೆ ಬೇರೆಯಾದರೆ ಬೋ ಒತ್ತಡದ ಅಂದಾಜೇ ಸಿಗುವುದಿಲ್ಲ.

ಕೊಳ್ಳುವಾಗ ಎಚ್ಚರ ಬೇಕಾದದ್ದು ಪೊಟ್ಟಣದ ಮೇಲಿನ ಚೀನೀ ಅಕ್ಷರದ ವಿಷಯದಲ್ಲಿ. ಅದೇ ಗೋಡೆಯ ಮೇಲೆ ಗಾವ್‌ಹು, ಝೋಂಗ್‌ಹು ತಂತಿಗಳೂ ನೇತಾಡುತ್ತಿರುತ್ತವೆ. ಇವು ಎರ್ಹುವಿನ ಅಣ್ಣತಮ್ಮಂದಿರು. ಒಂದು ಮೇಲಿನ ಶ್ರುತಿಯದು, ಇನ್ನೊಂದು ಕೆಳಗಿನದು. ಎರ್ಚುವಾನ್ ಅನ್ನುವ ಇನ್ನೊಂದು ದಪ್ಪ ಸೆಟ್ಟೂ ಇರುತ್ತದೆ. ಅದಕ್ಕೊಂದು ಹಿನ್ನೆಲೆ ಇದೆ. ವೂಶಿ ಊರಿನ ಬೀದಿಯಲ್ಲಿ ನುಡಿಸುತ್ತಿದ್ದ ಕುರುಡ ಕಲಾವಿದ ಆಬಿಂಗ್ ತನ್ನ ಎರ್ಹುವನ್ನು ಮಾಮೂಲಿಗಿಂತ ಸ-ಪ ಅಂತರದಷ್ಟು ಕೆಳಗೆ, ಜಿ-ಡಿ ಗೆ ಇಳಿಸಿಕೊಂಡಿದ್ದ, ಅದಕ್ಕೆ ದಪ್ಪ ರೇಷ್ಮೆ ತಂತಿ ಹಾಕುತ್ತಿದ್ದ. 1950ರಲ್ಲಿ, ಅವನು ಸಾಯುವುದಕ್ಕೆ ಸ್ವಲ್ಪ ಮೊದಲು, ಅವನ ವಾದನ ಧ್ವನಿಮುದ್ರಣ ಆಯಿತು. ಅದರಲ್ಲಿರುವ 'ಎರ್ಚುವಾನ್ ಯಿಂಗ್‌ಯುವೆ' ಅನ್ನುವ ಕೃತಿಯನ್ನು ಅದೇ ಶ್ರುತಿಯಲ್ಲಿ ನುಡಿಸಲು ಇಂದಿಗೂ ಬೇರೆ ತಂತಿ ಮಾರುತ್ತಾರೆ. ಅವಳು ಆ ಪೊಟ್ಟಣವನ್ನೇ ಆಸೆಯಿಂದ ಎತ್ತಿಕೊಂಡಿದ್ದಳು, ವಾಪಸ್ ಇಡಿಸಿದೆ. ಅದನ್ನು ಡಿ-ಎಗೆ ಎಳೆದರೆ ಚರ್ಮದ ಗತಿ ಮುಗಿದ ಹಾಗೆ.

ರೋಸಿನ್ ಬಗ್ಗೆ ಇಷ್ಟು ಸಾಕು: ಪಿಟೀಲಿನದೇ ಆಗುತ್ತದೆ. ಎರಡೂ ಪೈನ್ ಮರದ ರಾಳವೇ. ಎರ್ಹು ಅಂತ ಬರೆದ ಡಬ್ಬಿಗೆ ಎರಡರಷ್ಟು ಕೊಡಬೇಕಾಗಿಲ್ಲ. ಕಪ್ಪುಬಣ್ಣದ್ದು ಸಾಮಾನ್ಯವಾಗಿ ಮೆದು, ಚಳಿ ದೇಶಕ್ಕೆ ಒಗ್ಗುತ್ತದೆ. ಸೆಕೆಯಲ್ಲಿ ಅಂಟಂಟಾಗುತ್ತದೆ. ನಾವು ತಿಳಿಬಣ್ಣದ ಗಟ್ಟಿ ಬಿಲ್ಲೆ ಕೊಂಡೆವು, ಎಂಟು ಡಾಲರ್. ಅದಕ್ಕಿಂತ ದುಬಾರಿಯ ಜರ್ಮನ್, ಫ್ರೆಂಚ್ ಬಿಲ್ಲೆಗಳೂ ಇದ್ದವು. ಒಳ್ಳೆಯವೇ ಇರಬಹುದು, ಆದರೆ ಈ ವಾದ್ಯದಲ್ಲಿ ಆ ವ್ಯತ್ಯಾಸ ಕೇಳಿಸುವುದಿಲ್ಲ. ಹಚ್ಚುವ ರೀತಿ ಮಾತ್ರ ಮುಖ್ಯ. ಹೊಸ ಬಿಲ್ಲೆಯ ಹೊಳಪು ಮೈಯನ್ನು ಮರಳುಕಾಗದದಿಂದ ಸ್ವಲ್ಪ ಕೆರೆಯಬೇಕು. ಹೊಸ ಕೂದಲಿಗೆ ಮೊದಲ ಸಲ ತಾಳ್ಮೆಯಿಂದ ತುಂಬಾ ಹೊತ್ತು ಹಚ್ಚಬೇಕು, ಅಲ್ಲಿಯವರೆಗೆ ದನಿಯೇ ಬರುವುದಿಲ್ಲ. ಹೊಸ ಬೋ ಕೆಟ್ಟದ್ದು ಅಂತ ಮಕ್ಕಳು ಗಾಬರಿಯಾಗುವುದು ಆಗಲೇ. ಕೂದಲಿನ ಎರಡೂ ಮುಖಕ್ಕೆ ಹಚ್ಚಬೇಕು. ಅವಳು ಇಷ್ಟು ದಿನ ಹಚ್ಚುತ್ತಿದ್ದದ್ದು ಹೊರಮುಖಕ್ಕೆ ಮಾತ್ರ, ಅದು ಸುಲಭವಾಗಿ ಕೈಗೆ ಸಿಗುತ್ತದೆ ಅಂತ. ಒಳತಂತಿ ಹಿಡಿಯದೆ ಇದ್ದದ್ದಕ್ಕೆ ಸೊಟ್ಟ ಕಡ್ಡಿ, ನೈಲಾನ್ ಜೊತೆಗೆ ಇದೂ ಒಂದು ಕಾರಣ. ನುಡಿಸಿದ ಮೇಲೆ ಪೆಟ್ಟಿಗೆ, ತಂತಿ ಮೇಲಿನ ಧೂಳನ್ನು ಒಣಬಟ್ಟೆಯಲ್ಲಿ ಒರೆಸಬೇಕು. ಸ್ಪಿರಿಟ್ ಹಾಕಿ ಒರೆಸಿದರೆ ಮರದ ವಾರ್ನಿಶ್ ಹೋಗುತ್ತದೆ.

ಕೀಚ್ ಸದ್ದು ಇದೆಲ್ಲ ಆದ ಮೇಲೂ ಪೂರ್ತಿ ಹೋಗಲಿಲ್ಲ. ಹೊಸ ತಂತಿ ಕೆಲವು ದಿನ ಹಿಗ್ಗುತ್ತಾ ಶ್ರುತಿ ಬಿಡುತ್ತದೆ, ಅದನ್ನು ಬಿಟ್ಟುಬಿಡಿ. ಇದು ಬೇರೆ. ಬ್ರಿಡ್ಜಿನ ಕೆಳಗೆ, ತಂತಿಗೂ ಚರ್ಮಕ್ಕೂ ನಡುವೆ ಒಂದು ಫೆಲ್ಟ್, ಅಂದರೆ ಮೆತ್ತನೆ ದಪ್ಪ ಬಟ್ಟೆಯ ತುಂಡು ಇರುತ್ತದೆ, ಕಿರುಚಾಟ ತಡೆಯುವುದೇ ಅದರ ಕೆಲಸ. ಇವಳದ್ದು ಒಣಗಿ ಕಾಗದದಂತಾಗಿತ್ತು. ಎರಡು ಡಾಲರಿಗೆ ಹೊಸದು ಬಂತು, ಅದನ್ನು ಒಂದಿಷ್ಟು ಮೇಲೆ ಕೆಳಗೆ ಸರಿಸಿ ನೋಡಿದಾಗ ಕೀಚ್ ಅನ್ನುವುದು ನಿಂತಿತು! ತಂತಿಗಳನ್ನು ದಂಡಕ್ಕೆ ಎಳೆದು ಕಟ್ಟುವ ದಾರ ಇದೆಯಲ್ಲ, ಚಿಯೆನ್‌ಜಿನ್ ಅನ್ನುತ್ತಾರೆ, ಅದನ್ನು ಲಾವೋಶಿ ಅವಳ ಕೈಯಳತೆಗೆ ಸ್ವಲ್ಪ ಕೆಳಗಿಳಿಸಿ ಕಟ್ಟಿಕೊಟ್ಟರು. ಮೊಣಕೈಯನ್ನು ಪೆಟ್ಟಿಗೆಯ ಮೇಲಿಟ್ಟು ಕೈ ಎತ್ತಿದಾಗ ಕಿರುಬೆರಳಿನ ಬುಡ ಎಲ್ಲಿ ಬರುತ್ತದೋ ಅಲ್ಲಿ ಕಟ್ಟುವುದು ಅವರ ಲೆಕ್ಕ. ಉದ್ದ ಕಡಿಮೆಯಾದರೆ ಅದೇ ಸ್ವರಕ್ಕೆ ಬಿಗಿಯೂ ಕಡಿಮೆ, ಬೆರಳಿಗೂ ಚರ್ಮಕ್ಕೂ ಲಾಭ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ನುಡಿಸದೇ ಇರುವಾಗ ತಂತಿಗಳ ಕೆಳಗೆ, ಪೆಟ್ಟಿಗೆಯ ಅಂಚಿನ ಹತ್ತಿರ ಒಂದು ಪೆನ್ಸಿಲ್ ತೂರಿಸಿಡಲು ಹೇಳಿದರು, ಬ್ರಿಡ್ಜಿನ ಭಾರ ಚರ್ಮದ ಮೇಲಿಂದ ಇಳಿಯಲಿ ಅಂತ.

ಲೆಕ್ಕ ಹಾಕಿದರೆ ಎಂಬತ್ತು ಡಾಲರ್ ಮುಟ್ಟಲಿಲ್ಲ. ಉಳಿದದ್ದರಲ್ಲಿ ಹೊಸ ಬ್ರಿಡ್ಜ್ ಕೊಳ್ಳೋಣ ಅಂತ ಅವಳು ಅಂದಳು. ಬೇಡ, ಈಗಿನ ದನಿ ಕಿವಿಗೆ ಪಳಗಲಿ, ಒಂದೇ ಸಲ ಎಲ್ಲ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ ಅಂದೆ.

ಬಗೆಹರಿಯದೆ ಉಳಿದದ್ದು ಒಂದಿದೆ. ಒಳತಂತಿಯಲ್ಲಿ ಮೇಲಿನ ಒಂದು ಸ್ವರ ಈಗಲೂ ಊಳಿಡುತ್ತದೆ. ಫೆಲ್ಟ್ ಸರಿಸಿದರೆ ಪಕ್ಕದ ಸ್ವರಕ್ಕೆ ಹೋಗುತ್ತದೆಯೇ ಹೊರತು ಮಾಯವಾಗುವುದಿಲ್ಲ. ಅದು ಚರ್ಮದ ದೋಷ, ಬೋ ತಂತಿಗಳಿಂದ ಸರಿಹೋಗುವಂಥದ್ದಲ್ಲ. ರಜೆಗೆ ಮೈಸೂರಿಗೆ ಹೋಗುವಾಗ ಎರ್ಹು ತೆಗೆದುಕೊಂಡು ಹೋಗಿ ಅಜ್ಜಿಗೆ ನುಡಿಸಿ ತೋರಿಸಬೇಕು ಅಂತ ಅವಳ ಆಸೆ. ಅದೂ ಈ ವಾದ್ಯದಲ್ಲಿ ಆಗಲಿಲ್ಲ. ಹೆಬ್ಬಾವು ಸೈಟಿಸ್, ಅಂದರೆ ಕಾಡುಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ, ಸೆಕೆಂಡ್ ಹ್ಯಾಂಡ್ ವಾದ್ಯಕ್ಕೆ ಯಾವ ಕಾಗದಪತ್ರವೂ ಇಲ್ಲ, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಯಾರು ಉತ್ತರ ಹೇಳುವುದು? ಹಾಂಗ್‌ಕಾಂಗ್ ಚೈನೀಸ್ ಆರ್ಕೆಸ್ಟ್ರಾ ಹಾವಿನ ಚರ್ಮದ ಬದಲು ಪಾಲಿಯೆಸ್ಟರ್ ಪೊರೆ ಹಾಕಿದ ಎರ್ಹು ಮಾಡಿಸಿ ನುಡಿಸುತ್ತಿದೆ. ಅಂಥ ಪೊರೆಗೆ ತೇವದ ಕಾಟವೂ ಕಡಿಮೆ. ಹೊಸ ವಾದ್ಯ ಯಾವಾಗ ಕೊಡಿಸಲಿ ಅಂತ ಅಣ್ಣ ಕೇಳಿದ್ದಾನೆ. ಬೋ, ಬಿಡಿ ತಂತಿ, ರೋಸಿನ್ ಮೂರೂ ಹೊಸ ವಾದ್ಯಕ್ಕೂ ಆಗುತ್ತವೆ, ಹಾಗಾಗಿ ಅವಸರ ಇಲ್ಲ, ಈ ಹೊರತಂತಿ ತುಕ್ಕು ಹಿಡಿದು ಎರಡನೆಯದು ಹಾಕುವ ಹೊತ್ತಿಗೂ ಅವಳು ನುಡಿಸುತ್ತಿದ್ದರೆ ಪಾಲಿಯೆಸ್ಟರಿನದೇ ಒಂದನ್ನು ನೋಡೋಣ ಅಂತ ಹೇಳಿದ್ದೇನೆ.